ಹದಿನಾರನೇ ತಿಂಗಳ ಚುಚ್ಚುಮದ್ದು

ಗುಬ್ಬಿ
೬ ನವೆಂಬರ್ ೨೦೨೫, ಗುರುವಾರ

ಪ್ರೀತಿಯ ಮಾನಸಾ,

ಹೇಗಿದ್ದೀಯಮ್ಮ? ಕಾಲಿನ ಬೊಬ್ಬೆ ಒಣಗಿತೇ? ಹೊಸ ಬೂಟು ಹಿಮ್ಮಡಿಯ ಚರ್ಮ ಕಿತ್ತಿದೆ ಎಂದು ಹೇಳಿದ್ದೆ. ಒದ್ದೆ ಕಾಲಿಗೆ ಸಾಕ್ಸ್ ಹಾಕಬೇಡ, ಮಲಗುವ ಮುಂಚೆ ಒಂದಿಷ್ಟು ಕೊಬ್ಬರಿ ಎಣ್ಣೆ ಹಚ್ಚಿಕೋ. ಕಲಬುರಗಿಯ ಬಿಸಿಲು ನವೆಂಬರಿನಲ್ಲಾದರೂ ತಗ್ಗಿದೆಯೋ, ಇಲ್ಲವೋ? ಮುದ್ದೆ ತಿಂದು ಬೆಳೆದ ಹೊಟ್ಟೆಗೆ ದಿನವೂ ಜೋಳದ ರೊಟ್ಟಿ ಎಂದರೆ ಕಷ್ಟವೇ. ಆದರೂ ಹೊಟ್ಟೆ ತುಂಬ ತಿನ್ನು. ಹೋದ ಭಾನುವಾರ ನಿನ್ನ ದನಿ ತುಂಬ ಸಣ್ಣಗಾಗಿತ್ತು. ಅದು ಊಟದಿಂದಲ್ಲ ಎಂದು ನನಗೆ ಗೊತ್ತಿದೆ.

ಇಲ್ಲಿ ನಿಮ್ಮ ಮಾವನವರು ಆರೋಗ್ಯವಾಗಿದ್ದಾರೆ. ಮಂಡಿನೋವು ಅವರ ಜೊತೆಗೇ ಇದೆ, ತೋಟಕ್ಕೆ ಹೋಗುವುದನ್ನಂತೂ ಬಿಟ್ಟಿಲ್ಲ. ನಮ್ಮ ಮೋಹನನಿಗೆ ಈ ವಾರ ಫ್ಯಾಕ್ಟರಿಯಲ್ಲಿ ಮೊದಲ ಶಿಫ್ಟು. ನಿನ್ನ ಮಗಳು ಕೃತಿಕಾ ಚೆನ್ನಾಗಿದ್ದಾಳೆ, ಕೆಮ್ಮು ಪೂರ್ತಿ ನಿಂತಿದೆ. ನಿನ್ನ ಫೋಟೊ ತೋರಿಸಿದ ಮೇಲೆ ಅವಳಿಗೆ ಖಾಕಿ ಬಟ್ಟೆ ಯಾರೇ ಹಾಕಿದ್ದರೂ ಅಮ್ಮನೇ. ಮೊನ್ನೆ ತುಮಕೂರಿನ ಬಸ್ಸಿನಲ್ಲಿ ದಪ್ಪ ಮೀಸೆಯ ಕಂಡಕ್ಟರನ್ನು ನೋಡಿ “ಅಮ್ಮಾ” ಎಂದು ಕೈ ಚಾಚಿಬಿಟ್ಟಳು. ಆ ಮನುಷ್ಯ ನಾಚಿಕೊಂಡು ಟಿಕೆಟ್ ಕೊಡುವುದನ್ನೇ ಮರೆತ. ಬಸ್ಸಿನಲ್ಲಿದ್ದವರೆಲ್ಲ ನಕ್ಕರು, ನನಗೆ ನಗು ಬರಲಿಲ್ಲ.

ಫೋನ್ ಇರುವ ಕಾಲದಲ್ಲಿ ಅತ್ತೆ ಯಾಕೆ ಕಾಗದ ಬರೆಯುತ್ತಿದ್ದಾಳೆ ಎಂದು ನಿನಗೆ ಅನ್ನಿಸಬಹುದು. ಪೊಲೀಸ್ ತರಬೇತಿ ಶಾಲೆಯಲ್ಲಿ ನಿಮಗೆ ಫೋನ್ ಕೊಡುವುದು ಭಾನುವಾರ ಮಾತ್ರ, ಅದೂ ಸ್ವಲ್ಪ ಹೊತ್ತು. ನಿನ್ನ ಹಿಂದೆ ಸರದಿ ಕಾಯುತ್ತ ನಿಂತ ಹುಡುಗಿಯರ ಗದ್ದಲ ನನಗೂ ಕೇಳಿಸುತ್ತದೆ. ಆದರೆ ಕಾರಣ ಅದಲ್ಲ. ನಿನ್ನ ದನಿ ಕೇಳಿದರೆ ನನಗೆ ಅಳು ಬರುತ್ತದೆ. ನಾನು ಅತ್ತರೆ ನೀನು “ಬಿಡಿ ಅತ್ತೆ, ಏನಾಗಲ್ಲ” ಎಂದು ಸಮಾಧಾನ ಮಾಡುತ್ತೀಯ. ನೀನು ಸಮಾಧಾನ ಮಾಡಿದ ಕೂಡಲೇ ನಾನು ಮತ್ತೆ ತಪ್ಪಿಸಿಕೊಂಡುಬಿಡುತ್ತೇನೆ. ಎರಡು ಭಾನುವಾರ ಹಾಗೇ ಆಯಿತು. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕಲು ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಯಾಕೆಂದರೆ ನಾನು ಅದನ್ನು ಒಂದು ಸಲವಾದರೂ ಮೊದಲಿನಿಂದ ಕೊನೆಯವರೆಗೆ ಬಚ್ಚಿಡದೆ ಹೇಳಬೇಕು.

ಮೇ ತಿಂಗಳಲ್ಲಿ ನಿನಗೆ ತರಬೇತಿಗೆ ಕರೆ ಬಂದಾಗ ಕೃತಿಕಾಗೆ ಹದಿನಾಲ್ಕು ತಿಂಗಳು. ನೀನು ಹೋಗಲೋ ಬೇಡವೋ ಎಂದು ಎರಡು ದಿನ ಊಟ ಬಿಟ್ಟು ಕೂತಿದ್ದೆ. “ಹೋಗು ಕಣಮ್ಮ, ಮಗು ನಾನ್ ನೋಡ್ಕೊಂತೀನಿ” ಎಂದವಳು ನಾನೇ. ಅದನ್ನು ಮನಸಾರೆ ಹೇಳಿದ್ದೆ. ನಾನು ಪಿಯುಸಿ ಮುಗಿಸಿದ ವರ್ಷ ನನಗೂ ಒಂದು ಕೆಲಸಕ್ಕೆ ಕರೆ ಬಂದಿತ್ತು, ಯಾರೂ ಹೋಗು ಎನ್ನಲಿಲ್ಲ. ನಿನಗೆ ಹಾಗಾಗಬಾರದು ಎಂದುಕೊಂಡಿದ್ದೆ. ಬಸ್ ಹತ್ತುವಾಗ ನೀನು ಹೇಳಿದ್ದು ಒಂದೇ ಮಾತು. “ಜುಲೈಗೆ ಹದಿನಾರು ತಿಂಗ್ಳು ತುಂಬುತ್ತೆ ಅತ್ತೆ. ಡಿಪಿಟಿ ಬೂಸ್ಟರ್ ಹಾಕ್ಸಿಬಿಡಿ. ಎರಡು ವರ್ಷದವರ್ಗೂ ಟೈಮಿದೆ ಅಂತಾರೆ, ಆದ್ರೆ ಶಿಲ್ಪಾ ಹೆರಿಗೆಗೆ ಬರ್ತಾಳಲ್ಲ, ಹೊಸ ಮಗು ಮನೇಗ್ ಬರೋದ್ರೊಳಗೆ ಹಾಕ್ಸಿಬಿಡಿ.” ನಾನು ಹೂಂ ಎಂದೆ. ನನ್ನ ಮಗಳ ಹೊಟ್ಟೆಯಲ್ಲಿದ್ದ ಮಗುವಿನ ಬಗ್ಗೆ ನನಗಿಂತ ಮೊದಲು ಯೋಚನೆ ಮಾಡಿದವಳು ನೀನು.

ಜುಲೈ ಬಂತು. ಗುರುವಾರ ಗುರುವಾರ ಇಲ್ಲಿ ಲಸಿಕೆ ಹಾಕುತ್ತಾರೆಂದು ನನಗೆ ಗೊತ್ತಿಲ್ಲದ್ದಲ್ಲ. ಮೂರೂವರೆ ತಿಂಗಳಿನ ಇಂಜೆಕ್ಷನ್ ಹಾಕಿಸಿದಾಗ ಕೃತಿಕಾಳ ತೊಡೆ ಊದಿಕೊಂಡು, ಜ್ವರ ಬಂದು, ಎರಡು ದಿನ ಅತ್ತಿದ್ದು ನೆನಪಿತ್ತು. ಆಗ ನೀನಿದ್ದೆ, ಎದೆಗವಚಿಕೊಂಡು ಓಡಾಡಿದೆ. ಈಗ ತಾಯಿ ಹತ್ತಿರವಿಲ್ಲದ ಮಗುವನ್ನು ಸೂಜಿಗೆ ಒಡ್ಡುವುದು ಹೇಗೆ ಎಂದು ಮೊದಲ ಗುರುವಾರ ಬಿಟ್ಟೆ. ಎರಡನೇ ಗುರುವಾರ ಸಣ್ಣ ನೆಗಡಿಯಿತ್ತು. ಆಮೇಲೆ ಶಿಲ್ಪಾ ಬಂದಳು, ಅವಳ ಬಳೆ ಶಾಸ್ತ್ರ, ಅವಳ ಊದಿದ ಕಾಲು, ಅವಳ ಸ್ಕ್ಯಾನಿಂಗು. ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದು ಕರೆದಾಗ “ಮುಂದಿನ ವಾರ ಬತ್ತೀವಿ” ಎಂದು ಕಳಿಸಿದೆ. ನಿಮ್ಮ ಮಾವ “ಬುಡು, ಇನ್ನೂ ಟೈಮೈತಲ್ಲ” ಎಂದರು. ಅವರ ಮೇಲೆ ಹೊರಿಸುತ್ತಿಲ್ಲ, ಅವರು ಹಾಗನ್ನಲಿ ಎಂದೇ ನಾನು ಅವರನ್ನು ಕೇಳಿದ್ದು. ಇನ್ನೊಂದು ವಿಷಯವೂ ಇದೆ, ಹೇಳಲು ನಾಚಿಕೆಯಾಗುತ್ತದೆ. ನೀನು ಹೋದ ಮೇಲೆ ಕೃತಿಕಾ ನನ್ನನ್ನು ಬಿಟ್ಟು ಯಾರ ಹತ್ತಿರವೂ ಹೋಗುತ್ತಿರಲಿಲ್ಲ. ಅವಳ ಕೈಕಾಲು ಅದುಮಿ ಹಿಡಿದು ಸೂಜಿ ಚುಚ್ಚಿಸಿದವಳು ನಾನಾಗಬಾರದು ಎಂದು ಒಳಗೊಳಗೇ ಆಸೆಯಿತ್ತು. ಮಗು ನನ್ನನ್ನು ಕಂಡರೆ ಹೆದರಬಾರದು ಎಂಬ ಸ್ವಾರ್ಥ.

ನೀನು ಪ್ರತಿ ಭಾನುವಾರ ಕೇಳುತ್ತಿದ್ದೆ. ನಾನು “ಈ ಗುರ್ವಾರ” ಎನ್ನುತ್ತಿದ್ದೆ. ಸೆಪ್ಟೆಂಬರಿನಲ್ಲಿ, ಶಿಲ್ಪಾಗೆ ಹೆರಿಗೆಯಾಗುವ ಹಿಂದಿನ ಭಾನುವಾರ, ನೀನು “ಆಯ್ತಾ ಅತ್ತೆ ಇಂಜೆಕ್ಷನ್?” ಎಂದು ಕೇಳಿದೆ. ನಾನು “ಆಯ್ತು ಬುಡಮ್ಮ” ಎಂದೆ. ಹಾಕಿಸೋಣ ಎನ್ನುವುದಕ್ಕೂ ಆಯ್ತು ಎನ್ನುತ್ತೇವೆ, ಹಾಕಿಸಿ ಮುಗಿಯಿತು ಎನ್ನುವುದಕ್ಕೂ ಆಯ್ತು ಎನ್ನುತ್ತೇವೆ. ನೀನು ಮುಗಿಯಿತು ಎಂದುಕೊಂಡೆ. “ಅಬ್ಬ, ಥ್ಯಾಂಕ್ಸ್ ಅತ್ತೆ” ಎಂದು ನಿಟ್ಟುಸಿರು ಬಿಟ್ಟೆ. ನೀನು ತಪ್ಪು ತಿಳಿದುಕೊಂಡಿದ್ದೀಯ ಎಂದು ಆ ಕ್ಷಣಕ್ಕೇ ನನಗೆ ಗೊತ್ತಾಯಿತು. ತಿದ್ದಲಿಲ್ಲ. ಈ ಗುರುವಾರ ಹಾಕಿಸಿಬಿಟ್ಟರೆ ಅದೇ ನಿಜವಾಗುತ್ತದಲ್ಲ ಎಂದುಕೊಂಡೆ. ಆ ಗುರುವಾರ ಶಿಲ್ಪಾಗೆ ನೋವು ಬಂತು, ಗಂಡು ಮಗುವಾಯಿತು, ನಾನು ಎಲ್ಲ ಮರೆತೆ.

ಆಯುಧಪೂಜೆಗೆ ಮೋಹನ ಕೃತಿಕಾಳನ್ನು ಫ್ಯಾಕ್ಟರಿಗೆ ಕರೆದುಕೊಂಡು ಹೋಗಿದ್ದ. ಅಲ್ಲಿ ನೂರಾರು ಜನ, ಅವರವರ ಮಕ್ಕಳು. ಅದಾಗಿ ಒಂದು ವಾರಕ್ಕೆ ಅವಳಿಗೆ ಕೆಮ್ಮು ಶುರುವಾಯಿತು. ಮೊದಲು ಸಾಮಾನ್ಯ ಕೆಮ್ಮಿನ ಹಾಗೇ ಇತ್ತು. ಆಮೇಲೆ ಬಿಡದೆ ಕೆಮ್ಮಿ, ಮುಖ ಕೆಂಪಾಗಿ, ಕೊನೆಗೆ ವಾಂತಿ ಮಾಡಿಕೊಳ್ಳುತ್ತಿದ್ದಳು. ಮೆಡಿಕಲ್ ಸ್ಟೋರಿನಿಂದ ಸಿರಪ್ ತಂದು ಕೊಟ್ಟೆ, ತುಳಸಿ ರಸ ಕೊಟ್ಟೆ. ಬಾಣಂತಿ ಕೋಣೆಗೆ ಅವಳನ್ನು ಬಿಡಬಾರದಿತ್ತು. ಆದರೆ ಹೊಸ ಮಗು ಬಂತೆಂದು ಇವಳನ್ನು ದೂರ ತಳ್ಳಿದರು ಎಂದು ಅವಳಿಗೆ ಅನ್ನಿಸಬಾರದಲ್ಲ, ಅಮ್ಮ ಬೇರೆ ಇಲ್ಲ. ನಾನೇ ಎತ್ತಿಕೊಂಡು ಹೋಗಿ “ಪಾಪು ನೋಡು, ಮುತ್ತು ಕೊಡು” ಎನ್ನುತ್ತಿದ್ದೆ. ಅವಳು ಬಗ್ಗಿ ಆ ಕೂಸಿನ ಮೂತಿಗೆ ಮೂತಿ ತಾಗಿಸುತ್ತಿದ್ದಳು. ನಾವೆಲ್ಲ ಸಂತೋಷಪಟ್ಟು ನೋಡುತ್ತಿದ್ದೆವು. ಕೂಸು ಒಂದೆರಡು ಸಲ ಕೆಮ್ಮಿದಾಗ ಸಾಂಬ್ರಾಣಿ ಹೊಗೆ ಜಾಸ್ತಿಯಾಗಿದೆ ಎಂದುಕೊಂಡು ಹೊಗೆ ಹಾಕುವುದನ್ನು ನಿಲ್ಲಿಸಿದೆ. ಅಷ್ಟೇ ನನಗೆ ಹೊಳೆದದ್ದು.

ದೀಪಾವಳಿಗೆ ಮೂರು ನಾಲ್ಕು ದಿನ ಮುಂಚೆ ಮಧ್ಯಾಹ್ನ, ನಾನು ಅಡುಗೆಮನೆಯಲ್ಲಿ ಶಿಲ್ಪಾಗೆ ಮೆಣಸಿನ ಸಾರು ಕುದಿಸುತ್ತಿದ್ದೆ. “ಅಮ್ಮಾ, ಇವ್ನು ಉಸ್ರಾಡ್ತಿಲ್ಲ” ಎಂದು ಅವಳು ಕೂಗಿದಳು. ಓಡಿ ಹೋಗಿ ನೋಡಿದರೆ ಮಗು ಕೆಮ್ಮುತ್ತಲೂ ಇಲ್ಲ, ಅಳುತ್ತಲೂ ಇಲ್ಲ. ಬಾಯಿ ಅರ್ಧ ತೆರೆದಿದೆ, ತುಟಿ ನೇರಳೆ ಹಣ್ಣು ತಿಂದ ಹಾಗಿದೆ. ಎತ್ತಿ ಬೆನ್ನು ತಟ್ಟಿದೆ, ಅಂಗಾಲು ತಿಕ್ಕಿದೆ. ಎಷ್ಟು ಹೊತ್ತೋ, ಆಮೇಲೆ ಒಂದು ಸಣ್ಣ ಶಬ್ದ ಬಂತು, ಬಣ್ಣ ತಿರುಗಿತು. ನಿಮ್ಮ ಮಾವ ಚಪ್ಪಲಿಯನ್ನೂ ಹಾಕಿಕೊಳ್ಳದೆ ಆಟೊ ತಂದರು. ಗುಬ್ಬಿ ಆಸ್ಪತ್ರೆಯಲ್ಲಿ ಆಕ್ಸಿಜನ್ ಇಟ್ಟು ಆಂಬುಲೆನ್ಸಿನಲ್ಲಿ ತುಮಕೂರಿಗೆ ಕಳಿಸಿದರು. ದಾರಿಯಲ್ಲಿ ಇನ್ನೊಂದು ಸಲ ಹಾಗೇ ಆಯಿತು. ಶಿಲ್ಪಾ ನನ್ನ ಕೈ ಹಿಡಿದುಕೊಂಡಿದ್ದಳು, ಅವಳ ಉಗುರಿನ ಗುರುತು ಸುಮಾರು ದಿನ ನನ್ನ ಮಣಿಕಟ್ಟಿನ ಮೇಲಿತ್ತು.

ತುಮಕೂರಿನ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರು ಒಬ್ಬ ಹೆಂಗಸು, ನಿನ್ನ ವಯಸ್ಸಿನವರೇ. ಮಗುವನ್ನು ಒಳಗೆ ಮಲಗಿಸಿ ಬಂದು ಕಾರಿಡಾರಿನಲ್ಲಿ ನಮ್ಮನ್ನು ನಿಲ್ಲಿಸಿಕೊಂಡು ಕೇಳಿದರು. ಅಷ್ಟು ಹೊತ್ತಿಗೆ ಕುಣಿಗಲ್ಲಿನಿಂದ ಶಿಲ್ಪಾಳ ಅತ್ತೆ ಸುಬ್ಬಲಕ್ಷ್ಮಮ್ಮನವರೂ ಅಳಿಯಂದಿರು ಶಿವರಾಜರೂ ಬಂದು ನಿಂತಿದ್ದರು.

“ಮನೇಲಿ ಬೇರೆ ಯಾರಿಗಾದ್ರೂ ಕೆಮ್ಮಿದ್ಯಾ?”

ಕೃತಿಕಾ ನನ್ನ ಸೊಂಟದ ಮೇಲೆಯೇ ಇದ್ದಳು. ನಾನು ಉತ್ತರ ಕೊಡುವ ಮೊದಲೇ ಕೆಮ್ಮಿದಳು. ಡಾಕ್ಟರು ಅವಳನ್ನೇ ನೋಡಿದರು. “ಇದು ನಾಯಿಕೆಮ್ಮು ಅನ್ಸುತ್ತೆ. ಟೆಸ್ಟಿಗೆ ಕಳಿಸ್ತೀನಿ, ಆದ್ರೆ ಔಷಧಿ ಈಗ್ಲೇ ಶುರು ಮಾಡ್ತೀನಿ. ಒಳಗಿರೋ ಮಗುಗೆ ಇದ್ರ ಮೊದಲನೇ ಇಂಜೆಕ್ಷನ್ ಆರು ವಾರಕ್ಕೆ. ಅಲ್ಲೀವರ್ಗೂ ಮನೇಲಿರೋರೇ ಅದಕ್ಕೆ ಬೇಲಿ. ಇವ್ಳಿಗೆ ಹದಿನಾರು ತಿಂಗಳದ್ದು ಬೂಸ್ಟರ್ ಆಗಿದ್ಯಾ?”

“ಇಲ್ಲ” ಎಂದೆ.

“ಯಾಕ್ ಹಾಕ್ಸಿಲ್ಲ ಬೀಗರೇ?” ಎಂದರು ಸುಬ್ಬಲಕ್ಷ್ಮಮ್ಮ. ಜಗಳದ ದನಿಯಲ್ಲಿ ಅಲ್ಲ, ಸುಮ್ಮನೆ ಕೇಳಿದರು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಗೋಡೆಗೆ ಒರಗಿ ನಿಂತಿದ್ದ ಶಿಲ್ಪಾಳೂ ನೋಡಿದಳು. ನನ್ನ ಬಾಯಿಂದ ಬಂದ ಮಾತು ಇದು, ಮಾನಸಾ. “ನಂಗ್ ಗೊತ್ತೇ ಇರ್ಲಿಲ್ಲ. ಅವ್ಳು ನಂಗೆ ಹೇಳೇ ಇಲ್ಲ. ಟ್ರೈನಿಂಗು ಅಂತ ಹೊಂಟೋದ್ಲು.”

ಯೋಚನೆ ಮಾಡಿ ಹೇಳಿದ್ದಲ್ಲ. ಹಾಗೆಂದು ಬಾಯಿ ತಪ್ಪಿ ಬಂದದ್ದೂ ಅಲ್ಲ. ಹೇಳಿದ ಮೇಲೆ ಎದೆ ಹಗುರವಾಯಿತು ಎಂದು ಬರೆದರೆ ನೀನು ನಂಬುತ್ತೀಯಾ? ನೀನು ಅಲ್ಲಿರಲಿಲ್ಲ, ನಿನ್ನ ಕೈಯಲ್ಲಿ ಫೋನೂ ಇರಲಿಲ್ಲ. ಬರುವ ಭಾನುವಾರದವರೆಗೆ ಯಾರೂ ನಿನ್ನನ್ನು ಕೇಳುವಂತಿರಲಿಲ್ಲ. ಆ ಒಂದು ಗಳಿಗೆಯಲ್ಲಿ ನನಗೆ ಅದೆಲ್ಲ ಗೊತ್ತಿತ್ತು.

ಸುಬ್ಬಲಕ್ಷ್ಮಮ್ಮನವರು ಹಣೆ ಚಚ್ಚಿಕೊಂಡರು. “ತಾಯಾದೋಳ್ಗೆ ಮಗು ಇಂಜೆಕ್ಷನ್ ನೆನಪಿಲ್ದಿದ್ ಮೇಲೆ ಪೊಲೀಸ್ ಕೆಲ್ಸ ಮಾಡಿ ಯಾರ್ನ ಉದ್ಧಾರ ಮಾಡ್ಬೇಕು?” ಅವರು ಕೆಟ್ಟವರಲ್ಲ. ಆ ದಿನಗಳಲ್ಲಿ ಕುಣಿಗಲ್ಲಿನಿಂದ ಬುತ್ತಿ ಕಟ್ಟಿಕೊಂಡು ಬಂದು ನನಗೂ ತಿನ್ನಿಸಿ, ನೆಲದ ಮೇಲೆ ನನ್ನ ಪಕ್ಕದಲ್ಲೇ ಮಲಗಿದರು. ಆದರೆ ನೋಡಲು ಬಂದ ಪ್ರತಿಯೊಬ್ಬರಿಗೂ ಅವರು ನಿನ್ನ ಕಥೆ ಹೇಳುತ್ತಿದ್ದರು, ನಾನು ಪಕ್ಕದಲ್ಲಿ ಕೂತು ತಲೆ ತಗ್ಗಿಸಿಕೊಂಡು ಕೇಳುತ್ತಿದ್ದೆ. ನೋಡಿದವರು ಪಾಪ, ಮೊಮ್ಮಗನ ಚಿಂತೆ ಎಂದುಕೊಂಡರು. ಹೊರಗೆ ದೀಪಾವಳಿ ಪಟಾಕಿ ಹೊಡೆಯುತ್ತಿದ್ದರು. ಒಳಗೆ ಗಾಜಿನ ಹಿಂದೆ ಆ ಕೂಸಿನ ಮೂಗಿಗೆ ಆಕ್ಸಿಜನ್ ನಳಿಕೆ, ಬಾಯಿಗೆ ಹಾಲಿನ ನಳಿಕೆ. ಕೆಮ್ಮು ಬಂದಾಗ ಮೈಯೆಲ್ಲ ಬಿಲ್ಲಿನ ಹಾಗೆ ಬಾಗುತ್ತಿತ್ತು. ಶಿಲ್ಪಾ ಹಾಲು ಹಿಂಡಿ ಕೊಡುತ್ತ ಕೂತಿರುತ್ತಿದ್ದಳು. ನನಗೆ ದೇವರನ್ನು ಕೇಳಿಕೊಳ್ಳಲೂ ಭಯವಾಗುತ್ತಿತ್ತು. ಕೇಳಿಕೊಳ್ಳಲು ಹೋದರೆ ಮೊದಲು ನಿನ್ನ ಹೆಸರು ಬರುತ್ತಿತ್ತು.

ಒಂದು ಸಂಜೆ ಡಾಕ್ಟರು ಒಬ್ಬರೇ ಸಿಕ್ಕಾಗ ಕೇಳಿದೆ, ಇದು ಕೃತಿಕಾಳಿಂದಲೇ ಬಂದದ್ದೇ ಎಂದು. “ಗ್ಯಾರಂಟಿ ಹೇಳಕ್ಕಾಗಲ್ಲಮ್ಮ. ದೊಡ್ಡೋರ್ ಕೆಮ್ಮಿಂದ್ಲೂ ಬರುತ್ತೆ. ಹಾಕ್ಸಿದ್ರೂ ಕೆಲವ್ರಿಗೆ ಬರುತ್ತೆ, ಆದ್ರೆ ಕಮ್ಮಿ. ಅದಕ್ಕೇ ಟೈಮ್‌ಗೆ ಹಾಕ್ಸಿ ಅನ್ನೋದು” ಎಂದರು. ಮನೆಯವರಿಗೆಲ್ಲ ಮಾತ್ರೆ ಬರೆದುಕೊಟ್ಟರು. ಹಾಗಾದರೆ ನನ್ನ ತಪ್ಪೇ ಇರಲಿಕ್ಕಿಲ್ಲ ಎಂದು ಒಂದು ಗಳಿಗೆ ಆಸೆ ಹುಟ್ಟಿತು. ಆಮೇಲೆ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ರೋಗ ಯಾರಿಂದ ಬಂತೋ ಗೊತ್ತಿಲ್ಲ, ಸುಳ್ಳು ಯಾರಿಂದ ಬಂತು ಎಂಬುದರಲ್ಲಿ ಅನುಮಾನವಿರಲಿಲ್ಲವಲ್ಲ.

ಆ ಭಾನುವಾರ ನೀನು ಫೋನ್ ಮಾಡಿದೆ. ಮೋಹನ ಸ್ಪೀಕರ್ ಹಾಕಿದ್ದ. “ಮಗು ಇಂಜೆಕ್ಷನ್ ವಿಷ್ಯ ಅಮ್ಮಂಗೆ ಒಂದ್ ಮಾತು ಹೇಳಕ್ಕಾಗ್ಲಿಲ್ವಾ ನಿಂಗೆ? ಇಲ್ಲಿ ಶಿಲ್ಪಾ ಮಗು ಸಾಯೋ ಸ್ಥಿತೀಲಿದೆ” ಎಂದು ಕೂಗಾಡಿದ. ನಾನು ಅವನ ಪಕ್ಕದಲ್ಲಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದೆ. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. “ನಂದೇ ತಪ್ಪು ಕಣ್ರೀ. ಸರಿಯಾಗ್ ಹೇಳ್ಬೇಕಿತ್ತು. ಅತ್ತೇನ ಏನೂ ಅನ್ಬೇಡಿ, ಅವ್ರಿಗೆ ಈಗ್ಲೇ ಸಾಕಾಗಿರತ್ತೆ” ಎಂದೆ ನೀನು. ಮಾನಸಾ, ನೀನು ನನ್ನನ್ನು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಹೋದ ಭಾನುವಾರ ಮಗು ಮನೆಗೆ ಬಂದಿತ್ತು, ಶಿಲ್ಪಾ ಫೋನ್ ಕಿತ್ತುಕೊಂಡು “ನಿಮ್ಮ ಮಗು ಕೊಟ್ಟಿದ್ದು ಅತ್ತಿಗೆ ಇದನ್ನ, ನೆನಪಿಟ್ಕೊಳಿ” ಎಂದಳು. ನೀನು ಅಳತೊಡಗಿದೆ. “ಈ ತಿಂಗ್ಳು ಪರೀಕ್ಷೆ ಆದ್ಮೇಲೆ ಅರ್ಜಿ ಕೊಟ್ಟು ಬಂದ್ಬಿಡ್ತೀನಿ. ನಂಗೆ ಈ ಕೆಲ್ಸ ಬೇಡ” ಎಂದೆ. ನಾನು ಫೋನಿನ ಹತ್ತಿರ ಬಾಯಿ ತಂದೆ, ಆಗಲೂ “ಅಳ್ಬೇಡ ಕಣಮ್ಮ” ಎಂದಷ್ಟೇ ಅಂದೆ. ಫೋನ್ ಕಟ್ಟಾಯಿತು.

ಈಗ ಇವತ್ತಿನದು. ಮಗು ಹಾಲು ಕುಡಿಯುತ್ತಿದೆ, ಜ್ವರವಿಲ್ಲ. ಕೆಮ್ಮು ಇನ್ನೂ ಕೆಲವು ವಾರ ಉಳಿಯುತ್ತದಂತೆ, ಆದರೆ ಅಪಾಯ ಕಳೆದಿದೆ. ಆರು ವಾರದ ಇಂಜೆಕ್ಷನ್ ತಡ ಮಾಡಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಬೆಳಗ್ಗೆ ಶಿಲ್ಪಾ ಮಗುವನ್ನು ಎತ್ತಿಕೊಂಡಳು, ನಾನು ಕೃತಿಕಾಳನ್ನು ಎತ್ತಿಕೊಂಡೆ, ಇಬ್ಬರೂ ಆಸ್ಪತ್ರೆಗೆ ಹೋದೆವು. ಬೆಂಚಿನ ತುಂಬ ತಾಯಂದಿರು, ಕೂಸುಗಳು. ನಮ್ಮ ಸರದಿ ಬಂದಾಗ ಸಿಸ್ಟರ್ ಕೃತಿಕಾಳ ಲಸಿಕೆ ಬರೆದಿದ್ದ ತಾಯಿ ಕಾರ್ಡ್ ನೋಡಿ, “ಜುಲೈನಲ್ಲೇ ಬರ್ಬೋದಿತ್ತಲ್ಲ, ಇವ್ಳಮ್ಮ ಎಲ್ಲಿ?” ಎಂದರು. ಶಿಲ್ಪಾ ಮುಖ ಗಂಟಿಕ್ಕಿಕೊಂಡು “ಪೊಲೀಸ್ ಟ್ರೈನಿಂಗಲ್ಲಿ ಅವ್ರೆ. ಅವ್ರಿಗೆ ನೆನಪಿರ್ಲಿಲ್ಲ” ಎಂದಳು.

“ನೆನಪಿತ್ತು” ಎಂದೆ.

ಶಿಲ್ಪಾ ತಿರುಗಿ ನೋಡಿದಳು. ಒಂದು ಮಾತು ಹೊರಗೆ ಬಂದ ಮೇಲೆ ಉಳಿದದ್ದು ತಾನೇ ಬಂತು. “ಅವ್ಳಿಗೆ ನೆನಪಿತ್ತು ಸಿಸ್ಟರ್. ಹೋಗೋವಾಗ್ಲೂ ಹೇಳಿದ್ಲು, ವಾರಾ ವಾರಾ ಕೇಳಿದ್ಲು. ನಾನೇ ಹಾಕ್ಸಲಿಲ್ಲ. ಹಾಕ್ಸಾಯ್ತು ಅಂತ ಅವ್ಳಿಗೆ ಸುಳ್ಳು ಹೇಳ್ದೆ. ಅವ್ಳು ಹೇಳ್ಲೇ ಇಲ್ಲ ಅಂತ ಇವ್ರಿಗೂ ಸುಳ್ಳು ಹೇಳ್ದೆ.” ಸಿಸ್ಟರಿಗೆ ಇದರ ತಲೆಬುಡ ಗೊತ್ತಿಲ್ಲ. ಅವರು ಒಂದು ಗಳಿಗೆ ನನ್ನ ಮುಖ ನೋಡಿ, “ಇರ್ಲಿ, ಈಗ್ ಬಂದ್ರಲ್ಲ. ಗಟ್ಯಾಗ್ ಹಿಡ್ಕೊಳಿ” ಎಂದರು. ಹಿಡಿದುಕೊಂಡೆ. ಎರಡು ಸೂಜಿ, ಪೋಲಿಯೊ ಹನಿ, ವಿಟಮಿನ್ ಎ. ಕೃತಿಕಾ ಜೋರಾಗಿ ಅತ್ತಳು, ನನ್ನ ಕೆನ್ನೆಗೆ ಹೊಡೆದಳು, ಆಮೇಲೆ ನನ್ನ ಕುತ್ತಿಗೆಗೇ ಜೋತುಬಿದ್ದು ನಿದ್ದೆ ಹೋದಳು. ನಾನು ಇಷ್ಟು ತಿಂಗಳು ಹೆದರಿದ್ದು ಇದಕ್ಕೇ.

ಶಿಲ್ಪಾ ನನಗಿಂತ ಮುಂದೆ ನಡೆದು ಮನೆ ಸೇರಿದಳು. ಮಗುವನ್ನು ಮಲಗಿಸಿ ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತಳು. “ನನ್ ಮಗು ಹಂಗ್ ಮಲಗಿದ್ದಾಗ ನೀನು ಸುಳ್ಳು ಹೇಳಿದ್ಯಾ ಅಮ್ಮ?” ಎಂದಳು. ಹೌದು ಎಂದೆ. “ನಾನು ಅತ್ತಿಗೇಗೆ ಎಂಥಾ ಮಾತಂದೆ, ಅವ್ರು ಒಂದ್ಸಲಾನೂ ತಿರುಗಿ ಹೇಳ್ಲಿಲ್ಲವಲ್ಲ” ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾನು ಮುಟ್ಟಲು ಹೋದರೆ ಕೈ ಸರಿಸಿದಳು. ಸರಿಸಲಿ. ಮೋಹನ ಮೂರೂವರೆಗೆ ಡ್ಯೂಟಿ ಮುಗಿಸಿ ಬಂದ. ಅವನಿಗೆ ತಟ್ಟೆ ಇಡುವ ಮೊದಲೇ ಎಲ್ಲ ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಬಹಳ ಹೊತ್ತು ಬೈಕಿನ ಕೀ ತಿರುಗಿಸುತ್ತ ಕೂತಿದ್ದು, ಒಂದೇ ಮಾತು ಕೇಳಿದ. “ನಾನ್ ಅವ್ಳಿಗೆ ಬೈತಿರ್ಬೇಕಾದ್ರೆ ನೀನ್ ನನ್ ಪಕ್ಕದಲ್ಲೇ ಕೂತಿದ್ದೆ ಅಲ್ವಾ ಅಮ್ಮ?” ನಿಮ್ಮ ಮಾವ ಒಳಗಿಂದ “ಬುಡ್ಲಾ, ಮಗು ಉಳ್ಕೊಂತಲ್ಲ, ಇನ್ನೇನು” ಎಂದರು. ಉಳಿಯಿತು, ಅದು ಮಗುವಿನ ಪುಣ್ಯ, ಡಾಕ್ಟರ ಪುಣ್ಯ. ಮಗು ಉಳಿಯಿತೆಂದು ನಾನು ಆಡಿದ ಮಾತು ಅಳಿಸಿಹೋಗುವುದಿಲ್ಲ. ಮೋಹನ ಊಟ ಮಾಡದೆ ಹಿತ್ತಲಿಗೆ ಹೋದ. ಬಟ್ಟೆ ತೆಗೆಯಲು ಹೋದಾಗ ನೋಡಿದೆ, ತೊಟ್ಟಿಯ ಹತ್ತಿರ ನಿಂತು ಅಳುತ್ತಿದ್ದ. ಈ ಭಾನುವಾರ ಅವನ ಮಾತು ತಡವರಿಸಿದರೆ ನೀನೇ ಅರ್ಥ ಮಾಡಿಕೋ.

ಇನ್ನು ಉಳಿದಿರುವುದು ಸುಬ್ಬಲಕ್ಷ್ಮಮ್ಮನವರು. ನಿನ್ನ ಬಗ್ಗೆ ಹೆಚ್ಚು ಆಡಿದವರು ಅವರು, ಆಡಿಸಿದವಳು ನಾನು. ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು. ಬೇಡ, ನಾಳೆ ಬೆಳಗ್ಗೆ ಕುಣಿಗಲ್ಲಿಗೆ ಹೋಗುತ್ತೇನೆ. ಅಲ್ಲಿಯೇ ಅಂಚೆ ಕಚೇರಿಯಲ್ಲಿ ಈ ಕಾಗದವನ್ನು ಸ್ಪೀಡ್ ಪೋಸ್ಟ್ ಮಾಡುತ್ತೇನೆ.

ನನ್ನನ್ನು ಕ್ಷಮಿಸು ಎಂದು ಕೇಳುತ್ತಿಲ್ಲ. ಕೇಳಿದರೆ ನೀನು ಕೂಡಲೇ ಕ್ಷಮಿಸಿಬಿಡುತ್ತೀಯ, ನಿನ್ನ ಸ್ವಭಾವ ನನಗೆ ಗೊತ್ತು. ಸ್ವಲ್ಪ ದಿನ ಕೋಪ ಮಾಡಿಕೊಂಡಿರು. ಅದು ನಿನಗೆ ಬರಬೇಕಾದದ್ದು. ಹಿರಿಯಳಾಗಿ ನಿನ್ನನ್ನು ಹರಸಲು ಈ ವಾರ ನನಗೆ ಬಾಯಿ ಬರುತ್ತಿಲ್ಲ, ಆದರೂ ನಿನ್ನ ಕಾಲಿಗೆ, ಕೈಗೆ, ಮನಸ್ಸಿಗೆ ಬಲ ಬರಲಿ ಎಂದು ದಿನವೂ ಬೇಡಿಕೊಳ್ಳುತ್ತೇನೆ. ನಿನ್ನ ಗೆಳತಿಯರನ್ನು ಕೇಳಿದೆನೆಂದು ಹೇಳು.

ನಿನ್ನ ಅತ್ತೆ,
ಸಿದ್ದಗಂಗಮ್ಮ

ಮರೆತ ಮಾತು (ಕುಣಿಗಲ್ ಅಂಚೆ ಕಚೇರಿ, ಶುಕ್ರವಾರ): ಕವರು ಅಂಟಿಸುವ ಮೊದಲು ನಿಂತುಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಓದಿಕೋ. ಹೇಳಿ ಬಂದೆ. ಸುಬ್ಬಲಕ್ಷ್ಮಮ್ಮನವರು ಅವರೆಕಾಯಿ ಸುಲಿಯುತ್ತಿದ್ದರು, ಕೇಳುತ್ತ ಕೇಳುತ್ತ ಕೈ ನಿಲ್ಲಿಸಿದರು. “ಅಯ್ಯೋ, ಆ ಹುಡ್ಗೀನ ಊರ್ಗೆಲ್ಲ ಅಂದ್ಕೊಂಡ್ ಬಂದ್ನಲ್ಲ, ಈಗ್ ಯಾರ್ ಯಾರ್ ಮನೇಗ್ ಹೋಗಿ ವಾಪಸ್ ತಗೊಳ್ಲಿ” ಎಂದರು. ನನಗೆ ಕಾಫಿ ಕೊಡಲಿಲ್ಲ. ಕಳಿಸಲು ಬಾಗಿಲವರೆಗೂ ಬರಲಿಲ್ಲ. ಅದು ಸರಿಯೇ. ಇನ್ನೊಂದು, ನಿಜವಾಗಿ ಇದಕ್ಕಾಗಿಯೇ ಇಷ್ಟುದ್ದ ಬರೆದದ್ದು: ಆ ಅರ್ಜಿ ಕೊಡಬೇಡ. ನೀನು ಕೆಲಸ ಬಿಟ್ಟು ಬಂದರೆ ನಾನು ಹೇಳಿದ ಸುಳ್ಳೇ ಎಲ್ಲರ ಕಣ್ಣಿಗೆ ನಿಜವಾಗಿ ಉಳಿಯುತ್ತದೆ. ಮಗುವನ್ನು ಮೋಹನನೂ ನಾನೂ ನೋಡಿಕೊಳ್ಳುತ್ತೇವೆ, ಇನ್ನು ಮುಂದೆ ಆಸ್ಪತ್ರೆಗೆ ಅವನೂ ಬರುತ್ತಾನಂತೆ. ಕೃತಿಕಾಗೆ ಮುಂದಿನ ಡಿಪಿಟಿ ಐದು ವರ್ಷ ತುಂಬಿದ ಮೇಲೆ ಎಂದು ಸಿಸ್ಟರ್ ಹೇಳಿದ್ದಾರೆ. ಅದಕ್ಕೆ ರಜೆ ಹಾಕಿ ಬಾ. ಈಗ ಬರಬೇಡ.